ಕಾರ್ಲ್‌ಟನ್‌ನಿಂದ ಕಿಂಗ್ ಕಣಿವೆಗೆ: ವಿಕ್ಟೋರಿಯಾದ ಇಟಾಲಿಯನ್ನರ ನಡುವೆ ಒಂದು ರಜೆ

ಶುಕ್ರವಾರ: ಕಾರ್ಲ್‌ಟನ್

ಮಾರ್ಚ್ ತಿಂಗಳ ಎರಡನೆಯ ಸೋಮವಾರ ವಿಕ್ಟೋರಿಯಾ ರಾಜ್ಯದಲ್ಲಿ ಕಾರ್ಮಿಕ ದಿನದ ರಜೆ. ಶುಕ್ರವಾರವನ್ನೂ ಕಚೇರಿಗೆ ಹೇಳಿ ಬಿಡಿಸಿಕೊಂಡದ್ದರಿಂದ ನನಗೂ ನನ್ನ ಪತ್ನಿಗೂ ಅವಸರವಿಲ್ಲದ ಒಂದು ಪ್ರವಾಸಕ್ಕೆ ಬೇಕಾದಷ್ಟು ಬಿಡುವು ದೊರೆಯಿತು. ಸಮುದ್ರತೀರವೋ ಬೆಟ್ಟವೋ ಎಂಬ ಪ್ರಶ್ನೆ ಈ ಸಲ ಏಳಲಿಲ್ಲ. ಮೆಲ್ಬರ್ನ್ ನಗರದ ನಮ್ಮ ಭಾಗದ ಕನ್ನಡಿಗರ ಕೂಟದಲ್ಲಿ ಸ್ವಂತ ಕಟ್ಟಡ ಬೇಕೇ ಬೇಡವೇ ಎಂಬ ಚರ್ಚೆ ವರ್ಷಗಳಿಂದ ನಡೆಯುತ್ತಿದ್ದು, ಪ್ರತಿ ಸಭೆಯಲ್ಲೂ ಯಾರಾದರೊಬ್ಬರು “ಇಟಾಲಿಯನ್ನರನ್ನು ನೋಡಿ ಸ್ವಾಮಿ” ಎನ್ನುತ್ತಾರೆ. ತಮ್ಮದೇ ಕ್ಲಬ್‌ಗಳನ್ನು ಕಟ್ಟಿಕೊಂಡ ಆ ಇಟಾಲಿಯನ್ನರನ್ನು ನೋಡಿಯೇ ಬಿಡೋಣವೆಂದು ಹೊರಟೆವು.

ಆರಂಭ ಎಲ್ಲರೂ ಮಾಡುವಲ್ಲಿಯೇ, ಮೆಲ್ಬರ್ನ್‌ನ ಕಾರ್ಲ್‌ಟನ್ ಬಡಾವಣೆಯ ಲೈಗನ್ ಬೀದಿಯಲ್ಲಿ. ಇಲ್ಲಿಗೆ ಇಟಾಲಿಯನ್ನರು ಬಂದದ್ದು ಎರಡನೆಯ ಮಹಾಯುದ್ಧದ ಬಳಿಕ ಎಂಬ ಸಾಮಾನ್ಯ ಗ್ರಹಿಕೆ ಪೂರ್ತಿ ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ದಕ್ಷಿಣ ಇಟಲಿಯ ವಿಜ್ಜಾನೊ ಎಂಬ ಬೆಟ್ಟದೂರಿನ ಹಾರ್ಪ್ ಮತ್ತು ಪಿಟೀಲು ವಾದಕರು ಈ ಭಾಗದಲ್ಲಿ ನೆಲೆಸಿ, ಮೆಲ್ಬರ್ನ್‌ನ ಬೀದಿಗಳಲ್ಲಿಯೂ ಔತಣಕೂಟಗಳಲ್ಲಿಯೂ ನುಡಿಸಿ ಬದುಕುತ್ತಿದ್ದರು. ದೊಡ್ಡ ಅಲೆ ಬಂದದ್ದು ಮಾತ್ರ 1951ರಲ್ಲಿ ಆಸ್ಟ್ರೇಲಿಯಾ ಮತ್ತು ಇಟಲಿ ಸರ್ಕಾರಗಳು ಸಹಾಯಧನದ ವಲಸೆ ಒಪ್ಪಂದಕ್ಕೆ ಸಹಿ ಹಾಕಿದ ಆಸುಪಾಸಿನಲ್ಲಿ. 1971ರ ಜನಗಣತಿಯ ವೇಳೆಗೆ ಇಟಲಿಯಲ್ಲಿ ಹುಟ್ಟಿದ ಸುಮಾರು 2,89,000 ಮಂದಿ ಆಸ್ಟ್ರೇಲಿಯಾದಲ್ಲಿದ್ದರು. 2021ರಲ್ಲಿ ಆ ಸಂಖ್ಯೆ ಸುಮಾರು 1,63,000ಕ್ಕೆ ಇಳಿದಿತ್ತು. ಅದೇ ಗಣತಿಯಲ್ಲಿ ತಮ್ಮ ಮೂಲ ಇಟಲಿಯದೆಂದು ಬರೆಸಿದವರು ಮಾತ್ರ 11 ಲಕ್ಷ. ಈ ಎರಡು ಅಂಕಿಗಳ ನಡುವಿನ ಅಂತರವೇ ಇಂದಿನ ಕ್ಲಬ್‌ಗಳ ಪ್ರಧಾನ ಸಮಸ್ಯೆ ಎಂದು ಮರುದಿನ ನಮಗೆ ಸ್ಪಷ್ಟವಾಯಿತು.

ಫ್ಯಾರಡೆ ಬೀದಿಯ ಮೂಸೆಯೊ ಇಟಾಲಿಯಾನೊ 2010ರಲ್ಲಿ ತೆರೆದ ಚಿಕ್ಕ ವಸ್ತುಸಂಗ್ರಹಾಲಯ. ಇದನ್ನು ನಡೆಸುವುದು ಇಟಾಲಿಯನ್ ವಲಸಿಗರ ನೆರವಿಗಾಗಿ 1960ರ ದಶಕದಲ್ಲಿ ಹುಟ್ಟಿದ ಕೋಆಸಿತ್ ಸಂಸ್ಥೆ. ವೃದ್ಧರ ಆರೈಕೆ, ಶಾಲೆಗಳಲ್ಲಿ ಇಟಾಲಿಯನ್ ಬೋಧನೆ, ವಲಸೆಯ ಇತಿಹಾಸದ ದಾಖಲೆ, ಮೂರೂ ಒಂದೇ ಸೂರಿನಡಿ ನಡೆಯುತ್ತವೆ. ಫೋಟೊಗಳ ಮುಂದೆ ನಾವು ಬಹಳ ಹೊತ್ತು ನಿಂತೆವು. ಹಡಗುಕಟ್ಟೆಯಲ್ಲಿ ಇಳಿಯುವವರು ತಮ್ಮ ಅತ್ಯುತ್ತಮ ಉಡುಪಿನಲ್ಲಿರುತ್ತಾರೆ ಎಂಬುದನ್ನು ನನ್ನ ಪತ್ನಿ ಗುರುತಿಸಿದಳು.

ಲೈಗನ್ ಬೀದಿ ಈಗ ಹೆಚ್ಚಾಗಿ ಪ್ರವಾಸಿಗರ ಬೀದಿ. ಇಟಾಲಿಯನ್ ಕುಟುಂಬಗಳಲ್ಲಿ ಬಹುಪಾಲು ಎಂದೋ ಬ್ರನ್ಸ್‌ವಿಕ್, ಕೋಬರ್ಗ್, ಥಾಮಸ್‌ಟೌನ್, ಬುಲೀನ್‌ಗಳ ಕಡೆ ಹೋಗಿ ಅಂಗಳವಿರುವ ಇಟ್ಟಿಗೆಯ ಮನೆ ಕಟ್ಟಿಕೊಂಡಿವೆ. ಸಂಜೆ ಊಟ ಬಡಿಸಿದ ಹುಡುಗ ಹೈದರಾಬಾದಿನವನು. ಊಟ ಸಾಧಾರಣ, ಬೆಲೆ ಮಾತ್ರ ಬೀದಿಯ ಕೀರ್ತಿಗೆ ತಕ್ಕಂತೆ ಇತ್ತು. ನಡುರಾತ್ರಿಗೆ ಮೊದಲು ಒಂದು ಒಳ್ಳೆಯ ಕಾಫಿಯಾದರೂ ಬೇಕೆಂದು 1954ರಲ್ಲಿ ಆರಂಭವಾದ ಬರ್ಕ್ ಬೀದಿಯ ಪೆಲ್ಲೆಗ್ರಿನೀಸ್‌ಗೆ ಹೋಗಿ, ಉದ್ದನೆಯ ಕಟ್ಟೆಯ ಮುಂದೆ ಎತ್ತರದ ಸ್ಟೂಲಿನಲ್ಲಿ ಕುಳಿತು ಕುಡಿದು ಬಂದೆವು.

ಶನಿವಾರ: ಕ್ಲಬ್‌ನ ಹಿತ್ತಲು

ಹೊರಗಿನವರಿಗೆ “ಇಟಾಲಿಯನ್ ಕ್ಲಬ್” ಎಂಬುದು ಒಂದೇ ವಸ್ತು. ಒಳಗಿನವರಿಗೆ ಅಂಥದ್ದೊಂದು ಇಲ್ಲವೇ ಇಲ್ಲ. ಬುಲೀನ್‌ನಲ್ಲಿ ಯಾರಾ ನದಿಯ ಪಕ್ಕ 1973ರಲ್ಲಿ ತೆರೆದ ಕ್ಲಬ್ ಉತ್ತರ ಇಟಲಿಯ ವೆನೆಟೊ ಪ್ರಾಂತ್ಯದವರದು. ಪಾರ್ಕ್‌ವಿಲ್‌ನಲ್ಲಿರುವುದು ರೆಜ್ಜೊ ಕಲಾಬ್ರಿಯಾದವರದು, ಬ್ರನ್ಸ್‌ವಿಕ್ ಈಸ್ಟ್‌ನದು ಅಬ್ರುಟ್ಸೊದವರದು, ಥಾರ್ನ್‌ಬರಿಯ ಫೊಗೊಲಾರ್ ಫುರ್ಲಾನ್ ಫ್ರಿಯುಲಿಯವರದು. ಪುಲ್ಯಾ ಪ್ರಾಂತ್ಯದ ಸಾನ್ ಮಾರ್ಕೊ ಇನ್ ಲಾಮಿಸ್ ಎಂಬ ಒಂದೇ ಒಂದು ಊರಿನಿಂದ ಬಂದವರಿಗೂ ಪ್ರತ್ಯೇಕ ಕ್ಲಬ್ ಇದೆ. ಇದರಲ್ಲಿ ಅಚ್ಚರಿಯೇನಿಲ್ಲ. ಸರ್ಕಾರದ ಸಹಾಯಧನದಿಂದ ಬಂದ ಇಟಾಲಿಯನ್ನರಿಗಿಂತ, ಮೊದಲೇ ಬಂದ ಅಣ್ಣನೋ ಸೋದರಮಾವನೋ ಜಾಮೀನು ನಿಂತು ಕರೆಸಿಕೊಂಡವರ ಸಂಖ್ಯೆ ಬಹಳ ದೊಡ್ಡದು. ಒಬ್ಬ ಬಂದರೆ ಅವನ ಓಣಿ ಬಂತು, ಓಣಿಯ ಹಿಂದೆ ಊರು ಬಂತು. ಇಟಲಿ ಒಂದು ರಾಜ್ಯವಾದದ್ದೇ 1861ರಲ್ಲಿ. 1950ರ ದಶಕದಲ್ಲಿ ಹಡಗು ಹತ್ತಿದ ರೈತನಿಗೆ ತನ್ನ ಕಣಿವೆಯ ಆಡುಮಾತು ಸಲೀಸಾಗಿ ಬರುತ್ತಿತ್ತೇ ಹೊರತು ಶಾಲೆಯ ಇಟಾಲಿಯನ್ ಅಲ್ಲ. ಭಾರತೀಯ ಸಂಘವೊಂದು ಇರುವಾಗ ಕನ್ನಡ ಸಂಘ ಬೇರೆ ಯಾಕೆ ಎಂದು ಕೇಳುವ ಸಹೋದ್ಯೋಗಿಗಳಿಗೆ ನಾನು ಇನ್ನು ಮುಂದೆ ಈ ಕ್ಲಬ್‌ಗಳ ಪಟ್ಟಿಯನ್ನು ಕೊಡಬಹುದು.

ನಾವು ಹೋದದ್ದು ನಗರದ ಉತ್ತರ ಭಾಗದಲ್ಲಿ ದಕ್ಷಿಣ ಇಟಲಿಯ ಕಲಾಬ್ರಿಯಾ ಮೂಲದವರೇ ಹೆಚ್ಚಾಗಿರುವ ಒಂದು ಕ್ಲಬ್‌ಗೆ. ನನ್ನ ಕಚೇರಿಯ ಸಹೋದ್ಯೋಗಿಯೊಬ್ಬಳ ತಂದೆ ಅಲ್ಲಿನ ಕಾರ್ಯದರ್ಶಿ. ಎಂಬತ್ತು ದಾಟಿದ ಅವರು ಹಿಂದೆ ಕಾಂಕ್ರೀಟ್ ಕೆಲಸದ ಗುತ್ತಿಗೆದಾರರಾಗಿದ್ದವರು. ಬಾಗಿಲಲ್ಲಿ ಕೈಕುಲುಕಿದವರೇ ಮೊದಲು ತೋರಿಸಿದ್ದು ನೆಲವನ್ನು. “ಇದನ್ನು ನಾವೇ ಹಾಕಿದ್ದು. ಗಾರೆಯವರು, ಬಡಗಿಗಳು, ಪ್ಲಂಬರ್‌ಗಳು ಎಲ್ಲರೂ ಸದಸ್ಯರೇ. ಶನಿವಾರ, ಭಾನುವಾರ ಬಂದು ಕಟ್ಟಿದೆವು” ಎಂದರು. ನಮ್ಮ ಕೂಟದ ಸದಸ್ಯರಲ್ಲಿ ನೂರಕ್ಕೆ ತೊಂಬತ್ತು ಮಂದಿ ಕಂಪ್ಯೂಟರ್ ಮುಂದೆ ಕೂರುವವರು ಎಂಬುದು ನೆನಪಾಗಿ, ನಾನು ಸುಮ್ಮನೆ ನೆಲವನ್ನೇ ಹೊಗಳಿದೆ.

ಆ ದಿನ ಟೊಮೆಟೊ ದಿನ. ಆಸ್ಟ್ರೇಲಿಯಾದ ಬೇಸಿಗೆ ಮುಗಿಯುವ ಫೆಬ್ರವರಿ ಕೊನೆ ಮತ್ತು ಮಾರ್ಚ್‌ನಲ್ಲಿ ಟೊಮೆಟೊ ಅಗ್ಗವಾಗಿ, ಚೆನ್ನಾಗಿ ಹಣ್ಣಾಗಿ ಸಿಗುತ್ತದೆ. ವರ್ಷಕ್ಕಾಗುವಷ್ಟು ಟೊಮೆಟೊ ಸಾರ, ಅಂದರೆ ಪಸ್ಸಾತಾ, ಮಾಡಿ ಬಾಟಲಿಗೆ ತುಂಬುವುದು ದಕ್ಷಿಣ ಇಟಲಿಯ ಮನೆಗಳ ಪದ್ಧತಿ. ಮನೆಗಳಲ್ಲಿ ಮಾಡುವವರು ಕಡಿಮೆಯಾದಂತೆ ಕ್ಲಬ್ ಅದನ್ನು ಸಾಮೂಹಿಕ ಕಾರ್ಯಕ್ರಮವಾಗಿ ಮಾಡಿಕೊಂಡಿದೆ. ಹಿತ್ತಲಿನ ತಗಡಿನ ಮಾಡಿನ ಕೆಳಗೆ ರೋಮಾ ತಳಿಯ ಉದ್ದನೆಯ ಟೊಮೆಟೊಗಳ ಪೆಟ್ಟಿಗೆಗಳು ಎದೆಯೆತ್ತರಕ್ಕೆ ಪೇರಿಸಿದ್ದವು. ಹಳೆಯ ಸ್ನಾನದ ತೊಟ್ಟಿಯೊಂದರಲ್ಲಿ ಅವನ್ನು ತೊಳೆಯುವವರು ಒಂದು ಕಡೆ, ಮೇಜಿನ ಎರಡೂ ಬದಿ ಕುಳಿತು ತೊಟ್ಟು ಕೆತ್ತಿ, ಕೊಳೆತದ್ದನ್ನು ಎಸೆದು, ಎರಡಾಗಿ ಸೀಳುವವರು ಇನ್ನೊಂದು ಕಡೆ. ನಮ್ಮನ್ನು ಎರಡನೆಯ ಗುಂಪಿಗೆ ಸೇರಿಸಿದರು. ನನ್ನ ಕತ್ತರಿಸುವಿಕೆ ನಿಧಾನವೆಂದು ಎದುರಿನ ಅಜ್ಜಿಯೊಬ್ಬರು ಮುಖದಲ್ಲೇ ತಿಳಿಸಿದರು. ನನ್ನ ಪತ್ನಿಗೆ ಮಾತ್ರ ತಲೆದೂಗಿದರು.

ಸೀಳಿದ ಹಣ್ಣು ಮೋಟಾರು ಕೂಡಿಸಿದ ಯಂತ್ರದ ಬಾಯಿಗೆ ಬೀಳುತ್ತದೆ. ಜಾಲರಿಯ ಒಂದು ಬದಿಯಿಂದ ದಪ್ಪನೆಯ ಕೆಂಪು ರಸ ಜಾರು ತಟ್ಟೆಗೆ ಇಳಿದರೆ, ಇನ್ನೊಂದು ಬದಿಯಿಂದ ಸಿಪ್ಪೆ, ಬೀಜಗಳ ಹಿಂಡಿ ಹೊರಬರುತ್ತದೆ. ಆ ಹಿಂಡಿಯನ್ನು ಎಸೆಯುವುದಿಲ್ಲ. ಮತ್ತೆ ಮತ್ತೆ ಯಂತ್ರಕ್ಕೆ ಹಾಕಿ, ಅದು ಒಣಹುಲ್ಲಿನಂತೆ ಉದುರುವವರೆಗೆ ಹಿಂಡುತ್ತಾರೆ. ಸಿಪ್ಪೆಗೆ ಅಂಟಿದ ತಿರುಳೇ ರಸಕ್ಕೆ ಗಟ್ಟಿತನ ಕೊಡುವುದಂತೆ. ಬಾಟಲಿಗಳಲ್ಲಿ ಹೆಚ್ಚಿನವು ಉದ್ದ ಕತ್ತಿನ ಬಿಯರ್ ಬಾಟಲಿಗಳು. ಪ್ರತಿಯೊಂದರ ತಳಕ್ಕೂ ಒಂದೊಂದು ಬೆಸಿಲ್ ಎಲೆ ಹಾಕಿ, ರಸ ತುಂಬಿ, ಕೈಯೊತ್ತಿನ ಯಂತ್ರದಲ್ಲಿ ಲೋಹದ ಮುಚ್ಚಳ ಬಿಗಿಯುತ್ತಾರೆ. ಅನಂತರ ದೊಡ್ಡ ಕಬ್ಬಿಣದ ಡ್ರಮ್ಮಿನೊಳಗೆ, ಕುದಿಯುವಾಗ ಒಂದಕ್ಕೊಂದು ತಾಗಿ ಒಡೆಯದಂತೆ ನಡುನಡುವೆ ಗೋಣಿಪಟ್ಟೆ, ಹಳೆಯ ಬಟ್ಟೆ ತುರುಕಿ ಸಾಲಾಗಿ ಮಲಗಿಸಿ, ಮುಳುಗುವಷ್ಟು ನೀರು ಹಾಕಿ, ಕೆಳಗೆ ಸೌದೆ ಹಚ್ಚುತ್ತಾರೆ. ಕುದಿ ಬಂದ ಮೇಲೆ ಎಷ್ಟು ಹೊತ್ತು ಬಿಡಬೇಕು ಎಂಬ ಬಗ್ಗೆ ಅಲ್ಲಿದ್ದ ಮೂವರು ಹಿರಿಯರಿಗೆ ಮೂರು ಅಭಿಪ್ರಾಯಗಳಿದ್ದವು. ಬಾಟಲಿ ತೆಗೆಯುವುದು ನೀರು ತಾನಾಗಿ ತಣಿದ ಮೇಲೆ, ಅಂದರೆ ಮರುದಿನ, ಎಂಬುದರಲ್ಲಿ ಮಾತ್ರ ಒಮ್ಮತವಿತ್ತು.

ಮೇಜಿನ ಸುತ್ತ ಮೂರು ತಲೆಮಾರಿನವರಿದ್ದರು. ಹಿರಿಯರು ತಮ್ಮೊಳಗೆ ಕಲಾಬ್ರಿಯಾದ ಮಾತಾಡುತ್ತಿದ್ದರು, ಮಕ್ಕಳೊಂದಿಗೆ ಇಟಾಲಿಯನ್ ಮತ್ತು ಇಂಗ್ಲಿಷ್ ಬೆರೆಸಿ, ಮೊಮ್ಮಕ್ಕಳೊಂದಿಗೆ ಬರೀ ಇಂಗ್ಲಿಷ್. ಮನೆಯಲ್ಲಿ ಇಟಾಲಿಯನ್ ಆಡುವವರ ಸಂಖ್ಯೆ ದೇಶದಲ್ಲಿ 2016ರಲ್ಲಿ ಸುಮಾರು 2,71,000 ಇದ್ದದ್ದು 2021ಕ್ಕೆ ಸುಮಾರು 2,28,000 ಆಗಿದೆ. ಆದರೆ ಮುಚ್ಚಳ ಬಿಗಿಯುತ್ತಿದ್ದ ಹದಿನಾರರ ಹುಡುಗನಿಗೆ ಭಾಷೆ ಬಾರದಿದ್ದರೂ ಕೆಲಸದ ಒಂದೊಂದು ಹೆಜ್ಜೆಯೂ ಗೊತ್ತು. ಯಾವ ಬಾಟಲಿಯ ಬಾಯಿ ಸವೆದಿದೆ ಎಂದು ಬೆರಳಿನಲ್ಲೇ ಪತ್ತೆ ಹಚ್ಚಿ ಬದಿಗಿಡುತ್ತಿದ್ದ. ನಾವು ಭಾನುವಾರದ ಕನ್ನಡ ತರಗತಿಗಳಿಗೆ ಸುರಿಯುವ ಶ್ರಮದ ಕಾಲುಭಾಗವನ್ನಾದರೂ ಅಡುಗೆಮನೆಗೆ ಕೊಟ್ಟಿದ್ದೇವೆಯೇ ಎಂದು ನನಗೆ ಅನುಮಾನ. ತರಗತಿ ಬೇಡವೆಂದಲ್ಲ, ಆದರೆ ಮಕ್ಕಳು ತಾವಾಗಿ ಓಡಿಬರುವ ಕಡೆ ಯಾವುದು ಎಂಬುದನ್ನು ಈ ಹಿತ್ತಲಿನಲ್ಲಿ ಕಣ್ಣಾರೆ ಕಂಡೆ.

ಮಧ್ಯಾಹ್ನದ ಊಟ, ಕಳೆದ ವರ್ಷದ ಪಸ್ಸಾತಾದಲ್ಲಿ ಮಾಡಿದ ಪಾಸ್ತಾ. ನಾವು ಸಸ್ಯಾಹಾರಿಗಳೆಂದು ಮುಂಚೆಯೇ ಹೇಳಿದ್ದರಿಂದ ಮಾಂಸ ಬೀಳದ ಬೇರೆ ಪಾತ್ರೆಯೊಂದನ್ನು ಇಟ್ಟಿದ್ದರು. ಊಟದ ಬಳಿಕ ಗಂಡಸರು ಚೆಂಡು ಉರುಳಿಸಿ ಆಡುವ ಬೊಚ್ಚೆಯ ಅಂಕಣಕ್ಕೂ ಇಸ್ಪೀಟಿನ ಮೇಜಿಗೂ ಹಂಚಿಹೋದರು. ಇಟಾಲಿಯನ್ ಇಸ್ಪೀಟಿನ ಕಟ್ಟಿನಲ್ಲಿ 40 ಎಲೆಗಳು. ನಾಣ್ಯ, ಬಟ್ಟಲು, ಖಡ್ಗ, ದೊಣ್ಣೆ ಎಂಬ ನಾಲ್ಕು ಜಾತಿ. ಚಿತ್ರಗಳ ವಿನ್ಯಾಸ ಮಾತ್ರ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ಇವರದು ನಾಪೋಲಿಯ ಕಟ್ಟು. ವೆನೆಟೊದವರ ಕ್ಲಬ್‌ನಲ್ಲಿ ಪಂದ್ಯವಿದ್ದರೆ ಅಲ್ಲಿನ ತ್ರೆವೀಸೊ ಕಟ್ಟಿನಲ್ಲಿ ಆಡಬೇಕಾಗುತ್ತದೆ ಎಂಬುದು ಇವರ ನಿರಂತರ ಗೊಣಗಾಟ.

ಕಾರ್ಯದರ್ಶಿಯವರು ಕ್ಲಬ್‌ನ ಸುದ್ದಿಪತ್ರದ ಪ್ರತಿಯೊಂದನ್ನು ಕೊಟ್ಟರು. ಮೊದಲ ಪುಟದಲ್ಲಿ ತೀರಿಕೊಂಡ ಸದಸ್ಯರ ಹೆಸರುಗಳು, ಅವುಗಳ ಕೆಳಗೆ ಮದುವೆಯ ಅರವತ್ತನೆಯ ವರ್ಷ ಆಚರಿಸಿಕೊಂಡ ದಂಪತಿಗಳ ಫೋಟೊ. ಒಳಪುಟಗಳಲ್ಲಿ ಬೊಚ್ಚೆ ಫಲಿತಾಂಶ, ಚಳಿಗಾಲದ ಸಾಸೇಜ್ ತಯಾರಿಕೆಗೆ ಹೆಸರು ಕೊಡುವವರಿಗೆ ಸೂಚನೆ, ಇಟಲಿಯ ಪಿಂಚಣಿ ಕಾಗದಪತ್ರಕ್ಕೆ ನೆರವು ದೊರೆಯುವ ದಿನ. ಕೊನೆಯ ಪುಟದ ಪೌರತ್ವದ ಲೇಖನವೇ ಅಂದು ಎಲ್ಲರ ಬಾಯಲ್ಲಿ ಇದ್ದದ್ದು. 2025ರಲ್ಲಿ ಇಟಲಿ ತನ್ನ ಕಾನೂನನ್ನು ಬಿಗಿಗೊಳಿಸಿತು. ಅದುವರೆಗೆ ಎಷ್ಟೇ ತಲೆಮಾರು ಹಿಂದಿನ ಪೂರ್ವಜರನ್ನು ತೋರಿಸಿಯೂ ಕೇಳಬಹುದಾಗಿದ್ದ ಪೌರತ್ವವನ್ನು ಈಗ ಸ್ಥೂಲವಾಗಿ ತಂದೆತಾಯಿ ಅಥವಾ ಅಜ್ಜ ಅಜ್ಜಿಯರ ಮಟ್ಟಕ್ಕೆ ಸೀಮಿತಗೊಳಿಸಲಾಗಿದೆ. ಮುಚ್ಚಳ ಬಿಗಿಯುತ್ತಿದ್ದ ಹುಡುಗನಿಗೆ ತೊಂದರೆಯಿಲ್ಲ, ಅವನ ಮಕ್ಕಳಿಗೆ ಕಷ್ಟ. ನಮ್ಮ ಸಾಗರೋತ್ತರ ಭಾರತೀಯ ಪೌರ ಕಾರ್ಡು ಮರಿಮಕ್ಕಳವರೆಗೂ ಸಲ್ಲುತ್ತದೆ ಎಂದು ನಾನೆಂದಾಗ ಕಾರ್ಯದರ್ಶಿಯವರು, “ಅದರಲ್ಲಿ ಮತ ಹಾಕಬಹುದೇ?” ಎಂದು ಕೇಳಿದರು. ಇಲ್ಲವೆಂದೆ. ವಿದೇಶದ ಇಟಾಲಿಯನ್ನರು 2006ರಿಂದಲೂ ರೋಮ್‌ನ ಸಂಸತ್ತಿಗೆ ತಮ್ಮದೇ ಪ್ರತಿನಿಧಿಗಳನ್ನು ಆರಿಸಿ ಕಳಿಸುತ್ತಿದ್ದಾರೆ. “ಹಾಗಾದರೆ ಅದು ಪೌರತ್ವವಲ್ಲ, ವೀಸಾ” ಎಂದು ತೀರ್ಪು ಕೊಟ್ಟು, ಅವರು ಎಲೆ ಹಂಚಲು ಕುಳಿತರು.

ಭಾನುವಾರ: ಮರ್ಚಿಸನ್

ಮೆಲ್ಬರ್ನ್‌ನಿಂದ ಉತ್ತರಕ್ಕೆ ಸುಮಾರು ಎರಡು ಗಂಟೆಯ ಹಾದಿಯಲ್ಲಿ, ಗೋಲ್ಬರ್ನ್ ನದಿಯ ದಡದಲ್ಲಿ ಮರ್ಚಿಸನ್ ಎಂಬ ಚಿಕ್ಕ ಊರಿದೆ. ಅದರ ಸ್ಮಶಾನದಲ್ಲಿ ಒಸ್ಸಾರಿಯೊ, ಅಂದರೆ ಅಸ್ಥಿಗಳನ್ನಿಟ್ಟ ಒಂದು ಸ್ಮಾರಕವಿದೆ. ಯುದ್ಧಕಾಲದಲ್ಲಿ ಆಸ್ಟ್ರೇಲಿಯಾದ ಶಿಬಿರಗಳಲ್ಲಿ ತೀರಿಕೊಂಡ 130 ಮಂದಿ ಇಟಾಲಿಯನ್ನರ ಅಸ್ಥಿಗಳನ್ನು ಬೇರೆ ಬೇರೆ ಕಡೆಗಳಿಂದ ತಂದು 1961ರಲ್ಲಿ ಇಲ್ಲಿ ಇರಿಸಲಾಯಿತು. ಆ ಕೆಲಸಕ್ಕೆ ಮುಂದಾದವರು ಈ ಭಾಗದ ಇಟಾಲಿಯನ್ ವಲಸಿಗರೇ. ಪ್ರತಿ ನವೆಂಬರ್‌ನಲ್ಲಿ ಇಲ್ಲಿ ನಡೆಯುವ ಪ್ರಾರ್ಥನೆಗೆ ಕ್ಲಬ್‌ಗಳಿಂದ ಜನ ಬರುತ್ತಾರೆ. ನಾವು ಹೋದ ದಿನ ಯಾರೂ ಇರಲಿಲ್ಲ, ಪೈನ್ ಮರಗಳ ಮೇಲೆ ಬಿಳಿ ಕಾಕಟೂಗಳ ಗಲಾಟೆಯೊಂದನ್ನು ಬಿಟ್ಟರೆ.

ಇಲ್ಲಿಯ ಇತಿಹಾಸಕ್ಕೆ ಎರಡು ಎಳೆಗಳಿವೆ, ಎರಡನ್ನೂ ಒಂದೇ ಎಂದುಕೊಳ್ಳಬಾರದು. ಮೊದಲನೆಯದು, 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದೊಡನೆ ಆಸ್ಟ್ರೇಲಿಯಾದಲ್ಲಿಯೇ ಬದುಕುತ್ತಿದ್ದ ಇಟಾಲಿಯನ್ನರನ್ನು ಶತ್ರುದೇಶದವರೆಂದು ಬಂಧಿಸಿದ್ದು. ಸುಮಾರು 4,700 ಮಂದಿ, ಅವರಲ್ಲಿ ಕೆಲವರು ಆಗಲೇ ಬ್ರಿಟಿಷ್ ಪ್ರಜೆಗಳಾಗಿದ್ದವರು, ಟಾಟುರಾದಂಥ ಶಿಬಿರಗಳಲ್ಲಿ ದಿನ ಕಳೆದರು. ಎರಡನೆಯದು, ಉತ್ತರ ಆಫ್ರಿಕಾದ ರಣರಂಗದಲ್ಲಿ ಸೆರೆಸಿಕ್ಕ ಇಟಾಲಿಯನ್ ಸೈನಿಕರನ್ನು ಇಲ್ಲಿಗೆ ತಂದದ್ದು. ಯುದ್ಧ ಮುಗಿಯುವುದರೊಳಗೆ ಅಂಥ ಕೈದಿಗಳ ಸಂಖ್ಯೆ 18,000 ದಾಟಿತ್ತು. ಮರ್ಚಿಸನ್ ಬಳಿಯ 13ನೆಯ ಶಿಬಿರ ಅವರನ್ನು ಇರಿಸಿದ ದೊಡ್ಡ ಶಿಬಿರಗಳಲ್ಲೊಂದು.

ನಮ್ಮ ನಾಡಿನ ಕೊಂಡಿ ಇರುವುದು ಇಲ್ಲಿಯೇ. ಬ್ರಿಟಿಷರು ಸೆರೆಹಿಡಿದ ಇಟಾಲಿಯನ್ನರಲ್ಲಿ ಸಾವಿರಾರು ಮಂದಿಯನ್ನು ಮೊದಲು ಕಳಿಸಿದ್ದು ಭಾರತಕ್ಕೆ. ಡೆಹ್ರಾಡೂನ್, ಭೋಪಾಲ್, ಯೋಲ್‌ಗಳ ಜೊತೆಗೆ ಬೆಂಗಳೂರಿನಲ್ಲಿಯೂ ಶಿಬಿರಗಳಿದ್ದವು; ಜಾಲಹಳ್ಳಿಯಲ್ಲಿ ಕೈದಿಗಳಿಗಾಗಿ ಆಸ್ಪತ್ರೆಯೂ ಇತ್ತು. ಆಸ್ಟ್ರೇಲಿಯಾದ ಹೊಲಗಳಲ್ಲಿ ಕೂಲಿಯಾಳುಗಳ ಅಭಾವ ತಲೆದೋರಿದಾಗ, 1943ರಿಂದೀಚೆಗೆ, ಆ ಕೈದಿಗಳಲ್ಲಿ ದೊಡ್ಡ ಸಂಖ್ಯೆಯವರನ್ನು ಭಾರತದಿಂದ ಹಡಗಿನಲ್ಲಿ ಇಲ್ಲಿಗೆ ಸಾಗಿಸಿ, ಕೆಂಗಂದು ಬಣ್ಣ ಹಾಕಿದ ಸಮವಸ್ತ್ರ ತೊಡಿಸಿ, ಕಾವಲುಗಾರರಿಲ್ಲದೆ ರೈತರ ಮನೆಗಳಲ್ಲಿ ಕೆಲಸಕ್ಕೆ ಬಿಟ್ಟರು. 1946-47ರಲ್ಲಿ ಎಲ್ಲರನ್ನೂ ಇಟಲಿಗೆ ವಾಪಸು ಕಳಿಸಲಾಯಿತು. ಕೆಲವರು ತಾವು ದುಡಿದ ಅದೇ ರೈತರ ಜಾಮೀನಿನ ಮೇಲೆ ವಲಸಿಗರಾಗಿ ಮರಳಿ ಬಂದರು. ಸ್ಮಾರಕದ ಹೆಸರುಗಳನ್ನು ಓದುವಾಗ ಇವರಲ್ಲಿ ಎಷ್ಟು ಮಂದಿ ಬೆಂಗಳೂರಿನ ಡಿಸೆಂಬರ್ ಚಳಿಯನ್ನು ಕಂಡಿದ್ದರೋ ಎನ್ನಿಸಿತು.

ಶೆಪರ್ಟನ್ ಮೂಲಕ ಹಣ್ಣಿನ ತೋಟಗಳನ್ನು ದಾಟಿ, ಕತ್ತಲಾಗುವ ಹೊತ್ತಿಗೆ ವೊಡೊಂಗಾ ಸೇರಿದೆವು. ಹೋಟೆಲ್ ಬಗ್ಗೆ ಹೇಳುವಂಥದ್ದೇನಿಲ್ಲ.

ಸೋಮವಾರ: ಬೊನೆಗಿಲ್ಲಾ, ಮರ್ಟಲ್‌ಫೋರ್ಡ್, ಕಿಂಗ್ ಕಣಿವೆ

ವೊಡೊಂಗಾದ ಹೊರಗೆ ಹ್ಯೂಮ್ ಜಲಾಶಯದ ಪಕ್ಕದಲ್ಲಿರುವ ಬೊನೆಗಿಲ್ಲಾ, 1947ರಿಂದ 1971ರವರೆಗೆ ವಲಸಿಗರನ್ನು ಮೊದಲು ಇಳಿಸುತ್ತಿದ್ದ ಶಿಬಿರ. 3 ಲಕ್ಷಕ್ಕೂ ಹೆಚ್ಚು ಮಂದಿ ಇದರ ಮೂಲಕ ಹಾದುಹೋದರು. ಹಿಂದೆ 24 ಬ್ಲಾಕುಗಳಿದ್ದವು; ಈಗ ಉಳಿದಿರುವ 19ನೆಯ ಬ್ಲಾಕನ್ನು 2007ರಲ್ಲಿ ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿಸಲಾಗಿದೆ. ಸೈನ್ಯಕ್ಕಾಗಿ ಕಟ್ಟಿದ ಉದ್ದನೆಯ ಗುಡಿಸಲುಗಳು. ಬೇಸಿಗೆಯಲ್ಲಿ ಬಾಣಲೆ, ಚಳಿಗಾಲದಲ್ಲಿ ನಡುಕ. ಕುರಿಮಾಂಸದ ವಾಸನೆಯ ಬಗ್ಗೆ ಎಲ್ಲ ದೇಶದವರ ದೂರೂ ಒಂದೇ. 1952ರಲ್ಲಿ ಆರ್ಥಿಕ ಹಿಂಜರಿತ ಬಂದು, ಎರಡು ವರ್ಷದ ಕೆಲಸದ ಕರಾರಿನ ಮೇಲೆ ಕರೆತಂದಿದ್ದ ಇಟಾಲಿಯನ್ನರಿಗೆ ಕೆಲಸ ಸಿಗದೆ ಹೋದಾಗ ಅವರು ಇಲ್ಲಿ ಪ್ರತಿಭಟನೆ ಮಾಡಿದರು: ಕೆಲಸ ಕೊಡಿ, ಇಲ್ಲವೇ ಊರಿಗೆ ಕಳಿಸಿ. ಸರ್ಕಾರ ಸೈನ್ಯವನ್ನು ಸಜ್ಜುಗೊಳಿಸಿತು. ಇಂದಿನ ಉತ್ಸವಗಳ ಭಾಷಣಗಳಲ್ಲಿ ವಲಸಿಗರ ತಾಳ್ಮೆ, ದುಡಿಮೆಗಳನ್ನು ಕೊಂಡಾಡುವಷ್ಟು ಈ ಸಿಟ್ಟನ್ನು ನೆನೆಯುವುದಿಲ್ಲ. ನನಗಂತೂ ಆ ಸಿಟ್ಟು ಇಷ್ಟವಾಯಿತು.

ಅಲ್ಲಿಂದ ಓವೆನ್ಸ್ ಕಣಿವೆಯ ಮರ್ಟಲ್‌ಫೋರ್ಡ್‌ಗೆ ಸುಮಾರು ಒಂದು ಗಂಟೆ. ಊರು ಇನ್ನೂ ದೂರವಿರುವಾಗಲೇ ನನ್ನ ಪತ್ನಿ ಕಾರು ನಿಲ್ಲಿಸಲು ಹೇಳಿದಳು. ರಸ್ತೆಯ ಆಚೆ ಹೊಲದಲ್ಲಿ ಕಿಟಕಿಯಿಲ್ಲದ, ಎತ್ತರದ ತಗಡಿನ ಕಟ್ಟಡಗಳು ಸಾಲಾಗಿ ನಿಂತಿದ್ದವು. “ಬ್ಯಾರನ್ನು ಕಣ್ರೀ” ಎಂದಳು. ಅವಳ ತವರು ಪಿರಿಯಾಪಟ್ಟಣದ ಕಡೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಮಧ್ಯೆ ಬೆಳೆದವಳು. ಅವಳು ಸರಿಯಾಗಿಯೇ ಗುರುತಿಸಿದ್ದಳು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕೇ ಈ ಕಣಿವೆಯದೂ ಆಗಿತ್ತು. ಯುದ್ಧಾನಂತರ ಬಂದ ಇಟಾಲಿಯನ್ನರು ಇಲ್ಲಿ ಮೊದಲು ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿದು, ಅನಂತರ ಸ್ವಂತ ಜಮೀನು ಕೊಂಡು, ಊರಲ್ಲಿ ಸವೋಯ್ ಎಂಬ ಕ್ಲಬ್ಬನ್ನೂ ಕಟ್ಟಿಕೊಂಡರು. 2006ರಲ್ಲಿ ಬೆಳೆಗಾರರು ಪರಿಹಾರ ಪಡೆದು ತಂಬಾಕನ್ನು ಕೈಬಿಟ್ಟರು. ಬ್ಯಾರನ್‌ಗಳಲ್ಲಿ ಕೆಲವು ಹುಲ್ಲು ತುಂಬುವ ಕೊಠಡಿಗಳಾಗಿವೆ, ಕೆಲವು ಸುಮ್ಮನೆ ತುಕ್ಕು ಹಿಡಿಯುತ್ತಿವೆ. ಹಾಗೆ ಒಮ್ಮೆಲೇ ನಿಲ್ಲಿಸಿ ಪರಿಹಾರ ಕೊಟ್ಟಿದ್ದರೆ ತನ್ನ ತಮ್ಮ ಏನು ಬೆಳೆಯುತ್ತಿದ್ದನೋ ಎಂಬ ಅವಳ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಪಕ್ಕದ ಕಿಂಗ್ ಕಣಿವೆಯಲ್ಲಿ ಅದಕ್ಕೆ ದೊರೆತ ಉತ್ತರ ದ್ರಾಕ್ಷಿ. ತಂಬಾಕು ಬೆಳೆಯುತ್ತಿದ್ದ ಇಟಾಲಿಯನ್ ಕುಟುಂಬಗಳೇ ಇಲ್ಲಿ ಹೆಸರಾಂತ ದ್ರಾಕ್ಷಾರಸದ ಮನೆಗಳಾದವು. ಅವರಲ್ಲೊಬ್ಬರಾದ ಒಟ್ಟೊ ದಾಲ್ ಜೊಟ್ಟೊ ಹುಟ್ಟಿದ್ದು ವೆನೆಟೊದ ವಾಲ್ದೊಬ್ಬಿಯಾದೆನೆಯಲ್ಲಿ, ಅಂದರೆ ಪ್ರೊಸೆಕ್ಕೊ ಎಂಬ ನೊರೆಯುಕ್ಕುವ ದ್ರಾಕ್ಷಾರಸದ ತವರಿನಲ್ಲಿ. ಅವರು 1999ರಲ್ಲಿ ತಮ್ಮೂರಿನ ಆ ಬಳ್ಳಿಯನ್ನು ಇಲ್ಲಿ ನೆಟ್ಟರು. ಆಸ್ಟ್ರೇಲಿಯಾದಲ್ಲಿ ಅದು ಮೊದಲು. ಹತ್ತು ವರ್ಷ ಕಳೆದು, 2009ರಲ್ಲಿ, ಇಟಲಿಯು ಆ ದ್ರಾಕ್ಷಿ ತಳಿಗೆ ಗ್ಲೆರಾ ಎಂದು ಹೆಸರಿಟ್ಟು, ಪ್ರೊಸೆಕ್ಕೊ ಎಂಬುದು ತನ್ನ ಪ್ರದೇಶಕ್ಕೆ ಮಾತ್ರ ಸೇರಿದ ಭೌಗೋಳಿಕ ಗುರುತೆಂದು ಸಾರಿತು. ತಳಿಯ ಹೆಸರನ್ನು ಬಿಡುವುದು ಹೇಗೆಂದು ಕಣಿವೆಯವರು, ಪ್ರದೇಶದ ಹೆಸರನ್ನು ಬಳಸುವುದು ಹೇಗೆಂದು ಇಟಲಿಯವರು. ಐರೋಪ್ಯ ಒಕ್ಕೂಟದೊಂದಿಗಿನ ವ್ಯಾಪಾರ ಮಾತುಕತೆಯಲ್ಲಿ ಇದು ವರ್ಷಗಟ್ಟಲೆ ಬಿಡಿಸಲಾಗದ ಗಂಟಾಯಿತು. ಇಬ್ಬರೂ ಒಂದೇ ಊರಿನವರು, ಒಂದೇ ಬಳ್ಳಿಯನ್ನು ಬೆಳೆದವರು ಎಂಬುದು ಈ ತಗಾದೆಯ ವಿಶೇಷ.

ನಾವು ಕುಡಿಯುವವರಲ್ಲ. ವಿಟ್‌ಫೀಲ್ಡ್‌ನಲ್ಲಿ ಊಟ ಮಾಡುತ್ತ ಆ ಬಾಟಲಿಯ ಫೋಟೊ ತೆಗೆದು, ಈ ಜಗಳದಲ್ಲಿ ನಿಮ್ಮ ಕ್ಲಬ್ ಯಾರ ಪಕ್ಷ ಎಂದು ಕಾರ್ಯದರ್ಶಿಯವರ ಮಗಳ ಮೂಲಕ ಕೇಳಿ ಕಳಿಸಿದೆ. ಕಾರು ಹ್ಯೂಮ್ ಹೆದ್ದಾರಿ ಸೇರುವ ಮೊದಲೇ ಉತ್ತರ ಬಂತು: “ಅಪ್ಪ ಹೇಳುತ್ತಾರೆ, ಅದು ಉತ್ತರದವರ ಜಗಳ, ಕಲಾಬ್ರಿಯಾಕ್ಕೆ ಸಂಬಂಧವಿಲ್ಲ. ಬಾಟಲಿಗಳೆಲ್ಲ ತಣಿದಿವೆ, ನಿಮ್ಮ ಪಾಲಿನ ಹನ್ನೆರಡನ್ನು ಬುಧವಾರದೊಳಗೆ ತೆಗೆದುಕೊಂಡು ಹೋಗಬೇಕಂತೆ. ಖಾಲಿಯಾದ ಮೇಲೆ ಬಾಟಲಿ ವಾಪಸು ಕೊಡಬೇಕಂತೆ.”